ಊರ ಕೆರೆಯ ಮೀನು, ಊರವರದೇ ಯೋಜನೆ: ಯಾದಗಿರಿ, ಶಹಾಪುರ, ಸುರಪುರದವರಿಗೆ ಒಂದು ಮಾಹಿತಿ

ಮೀನುಗಾರಿಕೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಲ್ಪೆ, ಮಂಗಳೂರು, ಕಾರವಾರ. ಸಮುದ್ರವೇ ಇಲ್ಲದ ಯಾದಗಿರಿ ಜಿಲ್ಲೆಗೆ ಮೀನುಗಾರಿಕೆ ಯೋಜನೆ ಎಂಥದು ಎಂದು ನೀವು ಕೇಳಬಹುದು. ಜಿಲ್ಲೆಯಲ್ಲಿ ಎಷ್ಟು ನೀರಿದೆ ಎಂದು ಒಮ್ಮೆ ಎಣಿಸಿ ನೋಡಿ. ಕೃಷ್ಣೆ ಸುರಪುರ, ಶಹಾಪುರದ ಅಂಚಿನಲ್ಲಿ ಹರಿಯುತ್ತಾಳೆ. ಭೀಮೆ ಯಾದಗಿರಿ ಪಟ್ಟಣದ ಮಗ್ಗುಲಲ್ಲೇ ಹಾದು ಮುಂದೆ ಕೃಷ್ಣೆಯನ್ನು ಸೇರುತ್ತಾಳೆ. ನಾರಾಯಣಪುರದ ಬಸವಸಾಗರ ಜಲಾಶಯ ತುಂಬಿದಾಗ ಅದರ ನೀರು ಪಕ್ಕದ ಜಿಲ್ಲೆಗಳಿಗೂ ಚಾಚಿ ಸುಮಾರು 13 ಸಾವಿರ ಹೆಕ್ಟೇರ್ ಹರಡುತ್ತದೆ. ಯಾದಗಿರಿ ತಾಲ್ಲೂಕಿನಲ್ಲಿ ಹತ್ತಿಕುಣಿ, ಸೌದಾಗರ ಜಲಾಶಯಗಳಿವೆ. ಸುರಪುರದ ಹತ್ತಿರ ಬೋನಾಳ ಕೆರೆಯಿದೆ. ಇವಲ್ಲದೆ ಊರೂರಿಗೆ ಒಂದು ಕೆರೆ.

ಈ ನೀರನ್ನೇ ನಂಬಿದ ಕಬ್ಬಲಿಗ, ಕೋಲಿ, ಅಂಬಿಗ, ಬೆಸ್ತ, ಗಂಗಾಮತ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಬಹಳ. ನೀರಿನ ಆಳ ಎಲ್ಲಿ, ಮೀನು ಯಾವ ತಿಂಗಳು ಎಲ್ಲಿ ಸೇರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಕೆರೆ ಯಾರಿಗೆ ಗುತ್ತಿಗೆ, ಎಷ್ಟು ಮರಿ ಬಿಡಬೇಕು, ಯಾವಾಗ ಹಿಡಿಯಬೇಕು ಎಂಬ ನಿರ್ಧಾರ ಆಗುವಾಗ ಅವರಲ್ಲಿ ಹೆಚ್ಚಿನವರು ಆ ಕೋಣೆಯಲ್ಲಿ ಇರುವುದಿಲ್ಲ. ಅವರನ್ನು ಆ ಕೋಣೆಗೆ ತರುವ ದಾರಿ ಯಾವುದು, ಅದಕ್ಕೆ ಏನು ಬೇಕು, ಎಷ್ಟು ಖರ್ಚು, ಯಾರ ಬಳಿ ಹೋಗಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಸಮುದಾಯ ಯೋಜನೆ ಅಂದರೇನು?

ದೊಡ್ಡ ಪದ ಅನ್ನಿಸಿದರೂ ಅರ್ಥ ಸರಳ. ನೀರು ಬಳಸುವವರೆಲ್ಲ ಒಟ್ಟಿಗೆ ಕೂತು, ಮುಂದಿನ ನಾಲ್ಕೈದು ವರ್ಷ ಈ ಕೆರೆಯನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂದು ಮಾತಾಡಿ, ಬರೆದು, ಸಹಿ ಹಾಕುವುದು. ಬಲೆ ಬೀಸುವವರು ಮಾತ್ರ ಕೂತರೆ ಸಾಲದು. ತೂಬಿನ ಕೆಳಗೆ ಭತ್ತ ಬೆಳೆಯುವ ರೈತ, ದನಕ್ಕೆ ನೀರು ಕುಡಿಸುವವ, ಬಟ್ಟೆ ಒಗೆಯುವ ಹೆಣ್ಣುಮಕ್ಕಳು, ಸಂತೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವವರು, ಎಲ್ಲರೂ ಬೇಕು. ಇಲಾಖೆಯ ಅಧಿಕಾರಿ ಸಭೆಗೆ ಬರಬೇಕು. ಸಭೆ ಮಾತ್ರ ಊರಿನದಾಗಿರಬೇಕು.

ಕೇಳದೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯೇ ಉದಾಹರಣೆ. ಅಲ್ಲಿ ಮೊದಲು ರಂಪಣಿ ಎಂಬ ದೊಡ್ಡ ಬಲೆಯಿತ್ತು. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಸಿಕ್ಕ ಬಂಗುಡೆ, ಬೂತಾಯಿಯಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುವರಿದು, ಚೀಲದ ಬಾಯಿ ಬಿಗಿದಂತೆ ಬಲೆ ಎಳೆಯುವ ಯಂತ್ರದ ದೋಣಿಗಳು ಇವು. ಮೀನು ದಡಕ್ಕೆ ಬರುವ ಮೊದಲೇ ಅವರ ಬಲೆಗೆ ಬಿತ್ತು. ರಂಪಣಿಯವರು ಜಗಳಕ್ಕೆ ನಿಂತರು, ಬೀದಿಗಿಳಿದರು, ಕೊನೆಗೆ ಆ ಬಲೆಗಳೇ ಮೂಲೆ ಸೇರಿದವು. ಹೊಸ ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಯಂತ್ರ ತರುವ ಮೊದಲು ರಂಪಣಿಯವರನ್ನು ಕೂರಿಸಿ ಮಾತಾಡಬೇಕಿತ್ತು. ಇಂದು ಅದೇ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಮೀನು ಮರಿ ಮಾಡಲಿ ಎಂದು ಕಾಯುತ್ತಾರೆ.

ನಮ್ಮಲ್ಲಿ ವಿಷಯ ಸ್ವಲ್ಪ ಬೇರೆ. ಸಮುದ್ರದಲ್ಲಿ ಮೀನು ತಾನೇ ಹುಟ್ಟುತ್ತದೆ. ಕೆರೆಯಲ್ಲಿ ನಾವು ಹೆಚ್ಚಾಗಿ ಹಿಡಿಯುವ ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಸ ಪ್ರವಾಹ ಬೇಕು. ಹಾಗಾಗಿ ಪ್ರತಿವರ್ಷ ಕೆರೆಗೆ ಮರಿ ತಂದು ಬಿಡಬೇಕು. ಬಿಟ್ಟವರು ಯಾರು, ಕಾಯುವವರು ಯಾರು, ಹಿಡಿಯುವವರು ಯಾರು ಎಂಬ ಪ್ರಶ್ನೆ ಇಲ್ಲೇ ಹುಟ್ಟುತ್ತದೆ.

ಕೆರೆ ಯಾರ ಕೈಯಲ್ಲಿದೆ?

ಮೊದಲು ಇದನ್ನು ತಿಳಿದುಕೊಳ್ಳಿ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟು ಇರುವ ಕೆರೆಗಳ ಮೀನಿನ ಹಕ್ಕು ಗ್ರಾಮ ಪಂಚಾಯಿತಿಯದು. ಅದಕ್ಕಿಂತ ದೊಡ್ಡವು ಮೀನುಗಾರಿಕೆ ಇಲಾಖೆಯವು. ಅಚ್ಚುಕಟ್ಟು ಅಂದರೆ ಕೆರೆಯ ನೀರು ಉಣ್ಣುವ ಹೊಲದ ವಿಸ್ತೀರ್ಣ. ನೀರು ನಿಂತ ಜಾಗದ ಅಳತೆ ಅಲ್ಲ. ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ.

ಇಲಾಖೆಯ ಕೆರೆಗಳನ್ನು ಐದು ವರ್ಷದ ಗುತ್ತಿಗೆಗೆ ಕೊಡುತ್ತಾರೆ. ಮೀನುಗಾರರ ಸಹಕಾರ ಸಂಘಕ್ಕೆ ಮೊದಲ ಆದ್ಯತೆ. ಉಳಿದವು ಟೆಂಡರ್ ಅಥವಾ ಹರಾಜಿಗೆ ಹೋಗುತ್ತವೆ. ಬಸವಸಾಗರದಂಥ ದೊಡ್ಡ ಜಲಾಶಯದಲ್ಲಿ ಲೈಸೆನ್ಸ್ ಪದ್ಧತಿಯಿದೆ. ವರ್ಷಕ್ಕೆ ಶುಲ್ಕ ಕಟ್ಟಿ, ಒಂದು ಹರಿಗೋಲು ಮತ್ತು ಬಲೆಯೊಂದಿಗೆ ಮೀನು ಹಿಡಿಯಲು ಅನುಮತಿ ಪಡೆಯುವುದು. ಇವಕ್ಕೆಲ್ಲ ಕಾನೂನಿನ ಬುನಾದಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮ.

"ಸಂಘ ನಮ್ಮ ಹೆಸರಿನಲ್ಲಿದೆ, ಕೆರೆ ಮಾತ್ರ ಬೇರೆಯವರ ಕೈಯಲ್ಲಿದೆ" ಎಂದು ಹೇಳುವವರು ಎಷ್ಟೋ ಊರುಗಳಲ್ಲಿ ಸಿಗುತ್ತಾರೆ. ನಡೆಯುವುದು ಹೀಗೆ: ಸಂಘದ ಬಳಿ ಗುತ್ತಿಗೆ ಹಣ ಇರುವುದಿಲ್ಲ, ಮರಿ ತರಲು ದುಡ್ಡಿರುವುದಿಲ್ಲ. ಹೊರಗಿನ ಒಬ್ಬ ವ್ಯಾಪಾರಿ ಮುಂಗಡ ಕೊಡುತ್ತಾನೆ. ಕಾಗದದಲ್ಲಿ ಸಂಘ, ನಿಜದಲ್ಲಿ ವ್ಯಾಪಾರಿ. ಹಿಡಿದ ಮೀನಿಗೆ ಅವನು ಹೇಳಿದ್ದೇ ದರ. ಸಂಘದ ಸದಸ್ಯರು ತಮ್ಮದೇ ಕೆರೆಯಲ್ಲಿ ಕೂಲಿಯವರಾಗುತ್ತಾರೆ. ಸಮುದಾಯ ಯೋಜನೆ ಮೊದಲು ಬಿಚ್ಚಬೇಕಾದ ಗಂಟು ಇದೇ. ಬೇರೆ ಏನು ಸರಿಯಾದರೂ ಇದು ಸರಿಯಾಗದಿದ್ದರೆ ಲಾಭ ಊರಿಗೆ ಉಳಿಯುವುದಿಲ್ಲ. ಹಣದ ದಾರಿ ಏನೆಂದು ಮುಂದೆ ಹೇಳುತ್ತೇನೆ.

ಸಭೆ ಹೇಗೆ ನಡೆಸಬೇಕು?

ಏಪ್ರಿಲ್-ಮೇ ತಿಂಗಳು ಒಳ್ಳೆಯದು. ಕೆರೆಯ ನೀರು ತಗ್ಗಿರುತ್ತದೆ, ತಳ ಕಾಣುತ್ತದೆ. ಮರಿ ಬಿಡುವುದಕ್ಕೆ ಇನ್ನೂ ಎರಡು ಮೂರು ತಿಂಗಳಿರುತ್ತದೆ. ಗುತ್ತಿಗೆ ಮುಗಿಯಲು ಒಂದು ವರ್ಷ ಇರುವಾಗಲೇ ಶುರು ಮಾಡಿ. ಮುಗಿದ ಮೇಲೆ ಎದ್ದರೆ ಹರಾಜಿನ ದಿನ ಬಂದಿರುತ್ತದೆ.

ಸಭೆಯನ್ನು ಪಂಚಾಯಿತಿ ಕಚೇರಿಯಲ್ಲಿ ಕುರ್ಚಿ ಹಾಕಿ ಮಾಡಬೇಡಿ. ಕೆರೆ ಏರಿಯ ಮೇಲೋ ಗುಡಿಯ ಕಟ್ಟೆಯ ಮೇಲೋ ಮಾಡಿ. ಕುರ್ಚಿ ಇದ್ದಲ್ಲಿ ಕುರ್ಚಿಯವರೇ ಮಾತಾಡುತ್ತಾರೆ. ಮೊದಲ ಕೆಲಸ ಕೆರೆಯ ನಕ್ಷೆ. ಕಾಗದ ಬೇಡ. ನೆಲ ಗುಡಿಸಿ ರಂಗೋಲಿ ಪುಡಿಯಲ್ಲಿ ಕೆರೆಯ ಆಕಾರ ಬಿಡಿಸಿ. ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಲ್ಲಿ ಎಂದು ಗುರುತು ಹಾಕಿ. ಆಮೇಲೆ ಬಲೆ ಹಾಕುವವರನ್ನು ಮುಂದೆ ಕರೆಯಿರಿ. ಮೇ ತಿಂಗಳಲ್ಲೂ ನೀರು ಉಳಿಯುವ ಮಡು ಯಾವುದು? ಅಲ್ಲಿ ಒಂದು ಕಲ್ಲು ಇಡಲಿ. ಜಾಲಿ ಮುಳ್ಳು ಮುಳುಗಿ ಬಲೆ ಹರಿಯುವ ಜಾಗ? ಅಲ್ಲೊಂದು ಕಡ್ಡಿ. ಹತ್ತಿ, ಮೆಣಸಿನಕಾಯಿ ಹೊಲದ ಔಷಧದ ನೀರು ಹಳ್ಳದಿಂದ ಬಂದು ಸೇರುವ ಕಡೆ? ಅಲ್ಲಿ ಸುಣ್ಣದ ಗೆರೆ. ಅರ್ಧ ಗಂಟೆಯಲ್ಲಿ ಕೆರೆಯ ಬಗ್ಗೆ ಯಾವ ಕಡತದಲ್ಲೂ ಇಲ್ಲದ ಮಾಹಿತಿ ನೆಲದ ಮೇಲಿರುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಆ ಫೋಟೊ ನಿಮ್ಮ ಯೋಜನೆಯ ಮೊದಲ ಪುಟ. ತಜ್ಞರು ಇದಕ್ಕೆ ಸಹಭಾಗಿ ನಕ್ಷೆ ಎನ್ನುತ್ತಾರೆ.

ಎರಡನೆಯದು, ಹೆಣ್ಣುಮಕ್ಕಳ ಸಭೆಯನ್ನು ಬೇರೆಯಾಗಿ ಒಮ್ಮೆ ನಡೆಸಿ. ಯಾದಗಿರಿ, ಶಹಾಪುರ, ಸುರಪುರದ ಸಂತೆಗಳಲ್ಲಿ ಮೀನು ಮಾರುವವರಲ್ಲಿ ಅವರು ಬಹಳ. ಯಾವ ಮೀನಿಗೆ ಯಾವ ದಿನ ಗಿರಾಕಿ, ಮಂಜುಗಡ್ಡೆ ಇಲ್ಲದೆ ಎಷ್ಟು ಮೀನು ಕೆಡುತ್ತದೆ, ನೆರಳು ಮತ್ತು ನಲ್ಲಿ ಎಲ್ಲಿ ಬೇಕು ಎಂಬುದು ಅವರಿಗೇ ಗೊತ್ತು. ಗಂಡಸರ ನಡುವೆ ಅವರು ಮಾತಾಡುವುದು ಕಡಿಮೆ. ಮಾತಾಡಿದರೂ ಬರೆದುಕೊಳ್ಳುವವರು ಕಡಿಮೆ.

ನಿಯಮಗಳು ಯಾವುವು?

ನೀರು, ಮರಿ, ಬಲೆ, ಪಾಲು. ಈ ನಾಲ್ಕರ ಬಗ್ಗೆ ಬರೆದ ಒಪ್ಪಂದ ಇರಲಿ.

ನೀರಿನದು ರೈತರ ಜೊತೆಗಿನ ಮಾತು. ಬೇಸಿಗೆ ಬೆಳೆಗೆ ತೂಬು ಎತ್ತಿ ಕೊನೆಯ ಹನಿಯವರೆಗೆ ಬಿಟ್ಟರೆ ಮೀನು ಕೆಸರಲ್ಲಿ ಸಾಯುತ್ತದೆ. "ರೈತರು ಒಪ್ಪುತ್ತಾರಾ?" ಎಂದು ಕೇಳುತ್ತೀರಿ. ಮಡುವಿನಲ್ಲಿ ಇಷ್ಟು ಅಡಿ ನೀರು ಉಳಿಸೋಣ, ಆ ನೀರು ದನಕರುಗಳಿಗೂ ಬೇಕು ಎಂದು ಹೇಳಿದರೆ ಒಪ್ಪುತ್ತಾರೆ. ತೂಬಿನ ಕಲ್ಲಿಗೆ ಬಣ್ಣದ ಗೆರೆ ಎಳೆಯಿರಿ. ಗೆರೆ ಕಂಡ ದಿನ ತೂಬು ಮುಚ್ಚಬೇಕು. ಔಷಧ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯಬಾರದು ಎಂಬುದನ್ನೂ ಇದರಲ್ಲೇ ಸೇರಿಸಿ.

ಮರಿಯ ವಿಷಯದಲ್ಲಿ ಜಾತಿ ಮತ್ತು ಸಂಖ್ಯೆ ಎರಡೂ ಮುಖ್ಯ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರನ್ನೂ ಬಿಟ್ಟರೆ ಒಂದರ ಆಹಾರ ಇನ್ನೊಂದು ಕಸಿಯುವುದಿಲ್ಲ. ಬೆರಳುದ್ದದ ಮರಿಯನ್ನೇ ತನ್ನಿ. ಇದಕ್ಕೆ ಫಿಂಗರ್ಲಿಂಗ್ ಎನ್ನುತ್ತಾರೆ. ಅದಕ್ಕಿಂತ ಸಣ್ಣದನ್ನು ಕೊರವ, ಬಾಳೆ ಮೀನು ತಿಂದು ಹಾಕುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ತರಲೇಬೇಡಿ. ಅದನ್ನು ಸಾಕುವುದಕ್ಕೆ ದೇಶದಲ್ಲಿ ನಿಷೇಧವಿದೆ. ಕೆರೆಗೆ ಬಿದ್ದರೆ ಉಳಿದ ಮೀನನ್ನೆಲ್ಲ ನುಂಗುತ್ತದೆ.

ಬಲೆಯ ನಿಯಮ ಹೆಚ್ಚು ಜನಕ್ಕೆ ಕಷ್ಟ ಎನಿಸುತ್ತದೆ. ಅದಕ್ಕೆ ಒಂದು ಲೆಕ್ಕ ಹೇಳುತ್ತೇನೆ, ಸಭೆಯಲ್ಲೂ ಹೇಳಿ. ಬೇಸಿಗೆಯಲ್ಲಿ 10 ಹೆಕ್ಟೇರ್ ನೀರು ಉಳಿಯುವ ಒಂದು ಕೆರೆ ಅಂದುಕೊಳ್ಳಿ. ಹೆಕ್ಟೇರಿಗೆ 2,000ದಂತೆ 20,000 ಮರಿ ಬಿಟ್ಟಿರಿ. ಅರ್ಧ ಬದುಕಿದರೆ 10,000 ಮೀನು. ಅವಸರಕ್ಕೆ 300 ಗ್ರಾಂ ಇರುವಾಗಲೇ ಹಿಡಿದರೆ ಸಿಗುವುದು 3,000 ಕಿಲೊ. ಇನ್ನು ಕೆಲವು ತಿಂಗಳು ಕಾದು 700 ಗ್ರಾಂ ಆದ ಮೇಲೆ ಹಿಡಿದರೆ 7,000 ಕಿಲೊ. ಅದೇ ಮರಿ, ಅದೇ ನೀರು, ಬೇರೆ ಖರ್ಚಿಲ್ಲ. ಮೇಲಾಗಿ ದೊಡ್ಡ ಮೀನಿಗೆ ಸಂತೆಯಲ್ಲಿ ಕಿಲೊ ದರವೂ ಹೆಚ್ಚು. ಕಾಯುವ ತಿಂಗಳಲ್ಲಿ ಮನೆ ನಡೆಯಬೇಕಲ್ಲ ಎಂಬ ಮಾತು ನ್ಯಾಯವೇ. ಅದಕ್ಕೆ ಜಿಲೇಬಿಯಂಥ ತಾನಾಗಿ ಹೆಚ್ಚುವ ಸಣ್ಣ ಮೀನನ್ನು ಗಾಳ, ಬೀಸುಬಲೆಯಲ್ಲಿ ದಿನಾ ಹಿಡಿಯಲು ಬಿಡಿ. ಬಿಟ್ಟ ಮರಿಯನ್ನು ಮಾತ್ರ ಮುಟ್ಟಬಾರದು.

ಬಲೆಯ ಕಣ್ಣನ್ನು ಅಳೆಯುವುದು ಸುಲಭ. ಒಂದು ಕಣ್ಣನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಪೂರ್ತಿ ಎಳೆಯಿರಿ. ಎದುರುಬದುರು ಗಂಟಿನ ನಡುವಿನ ಅಂತರವೇ ಕಣ್ಣಿನ ಅಳತೆ. ಎಷ್ಟಿರಬೇಕು ಎಂಬುದನ್ನು ಇಲಾಖೆಯವರೊಂದಿಗೆ ಕೂತು ನಿಗದಿ ಮಾಡಿ, ಆ ಉದ್ದದ ಒಂದು ಬಿದಿರು ಕಡ್ಡಿಯನ್ನು ಸಂಘದಲ್ಲಿ ಇಟ್ಟುಕೊಳ್ಳಿ. ಅನುಮಾನ ಬಂದ ಬಲೆಗೆ ಕಡ್ಡಿ ಹಿಡಿದು ನೋಡಿದರಾಯಿತು. ಸಿಡಿಮದ್ದು, ಬ್ಲೀಚಿಂಗ್ ಪುಡಿ ಹಾಕಿ ಮೀನು ಕೊಲ್ಲುವುದು ಅಪರಾಧ. ಅದಕ್ಕೆ ಊರ ದಂಡ ಸಾಲದು, ಪೊಲೀಸರಿಗೆ ದೂರು ಕೊಡಿ.

ಪಾಲಿನದನ್ನು ನಾನು ಹೇಳಲಾರೆ, ಅದು ನಿಮ್ಮ ಊರಿನ ಮಾತು. ಒಂದೇ ಸಲಹೆ: ಬಂದ ಹಣದಲ್ಲಿ ಮುಂದಿನ ವರ್ಷದ ಮರಿ ಮತ್ತು ಗುತ್ತಿಗೆ ಕಂತನ್ನು ಮೊದಲು ತೆಗೆದಿಟ್ಟು ಆಮೇಲೆ ಹಂಚಿಕೊಳ್ಳಿ. ಹೀಗೆ ಮಾಡುವ ಸಂಘಕ್ಕೆ ಎರಡನೇ ವರ್ಷ ವ್ಯಾಪಾರಿಯ ಮುಂಗಡ ಬೇಕಾಗುವುದಿಲ್ಲ.

ನದಿ, ಜಲಾಶಯದವರಿಗೆ ಎರಡು ಮಾತು

ಕೃಷ್ಣೆಯಲ್ಲಿ ಹರಿಗೋಲು ಹಾಕುವವರ ಯೋಜನೆಯಲ್ಲಿ ಮೊದಲ ಸಾಲು ಜೀವರಕ್ಷಣೆಯದಾಗಿರಲಿ. ಮಳೆಗಾಲದಲ್ಲಿ ಆಲಮಟ್ಟಿಯಿಂದ ನೀರು ಬಂದಂತೆ ನಾರಾಯಣಪುರದ ಗೇಟು ಎತ್ತುತ್ತಾರೆ. ಕೆಳಗಿನ ಊರುಗಳಲ್ಲಿ ನೋಡನೋಡುತ್ತ ಹೊಳೆ ಏರುತ್ತದೆ. ಗೇಟಿನ ಸುದ್ದಿ ನೇರವಾಗಿ ಮೀನುಗಾರರ ಗುಂಪಿಗೆ ಬರುವಂತೆ ತಹಶೀಲ್ದಾರರ ಕಚೇರಿಯನ್ನು ಕೇಳಿ. ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯುವುದಿಲ್ಲ ಎಂದು ನೀವೇ ಬರೆದುಕೊಳ್ಳಿ. ಹೊಳೆಯಲ್ಲಿ ಮೊಸಳೆಗಳೂ ಇವೆ. ಇನ್ನೊಂದು, ಮರಳು. ನದಿಯ ಒಡಲು ಬಗೆದರೆ ಮೀನು ಮೊಟ್ಟೆಯಿಡುವ ಜಾಗವೂ ಹೋಗುತ್ತದೆ. ಭೀಮೆಯ ದಂಡೆಯ ಊರುಗಳು ಇದನ್ನು ಯೋಜನೆಯಲ್ಲಿ ಬರೆದು ಜಿಲ್ಲಾಡಳಿತಕ್ಕೆ ಕೊಡಬೇಕು.

ಬೋನಾಳದಂಥ ಪಕ್ಷಿಧಾಮದಲ್ಲಿ ಅರಣ್ಯ ಇಲಾಖೆಯನ್ನೂ ಸಭೆಗೆ ಕರೆಯಿರಿ. ಹಕ್ಕಿ ಗೂಡು ಕಟ್ಟುವ ಕಾಲ, ಮೀನು ಹಿಡಿಯುವ ಕಾಲ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದರೆ ಅರ್ಧ ಜಗಳ ಇರುವುದಿಲ್ಲ.

ಹಣ ಎಲ್ಲಿಂದ?

ಸಭೆಗೆ ಖರ್ಚಿಲ್ಲ. ಖರ್ಚು ಮರಿ, ಬಲೆ, ಗುತ್ತಿಗೆ, ಮಾರಾಟದ್ದು. ಕೇಂದ್ರದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಶುರುವಾಯಿತು. ಅದರಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನ. ಘಟಕ ವೆಚ್ಚ ಅಂದರೆ ಸರ್ಕಾರ ಒಪ್ಪಿದ ಖರ್ಚಿನ ಮಿತಿ. ಐಸ್‌ಬಾಕ್ಸ್ ಇರುವ ಬೈಕಿಗೆ ಈ ಮಿತಿ 75,000 ರೂಪಾಯಿ. ಅಂದರೆ ಮೀನು ಮಾರುವ ಮಹಿಳೆಗೆ 45,000 ಸಹಾಯಧನ, ಕೈಯಿಂದ 30,000. ಒಂದು ಹೆಕ್ಟೇರ್ ಹೊಸ ಮೀನುಹೊಂಡಕ್ಕೆ ಮಿತಿ 7 ಲಕ್ಷ, ಮೊದಲ ವರ್ಷದ ಮರಿ-ಆಹಾರಕ್ಕೆ ಮತ್ತೆ 4 ಲಕ್ಷ. ನಿಮ್ಮ ಅರ್ಜಿಯ ವರ್ಷದಲ್ಲಿ ಯಾವ ಘಟಕಕ್ಕೆ ಗುರಿ ಉಳಿದಿದೆ ಎಂದು ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಸಹಾಯಧನ ನಂಬಿ ಮೊದಲೇ ಸಾಲ ಮಾಡಬೇಡಿ.

ಇದೇ ಯೋಜನೆಯಡಿ ಮೀನುಗಾರರಿಗೆ ಗುಂಪು ಅಪಘಾತ ವಿಮೆಯಿದೆ. ಮರಣ ಅಥವಾ ಪೂರ್ಣ ಅಂಗವಿಕಲತೆಗೆ 5 ಲಕ್ಷ, ಭಾಗಶಃ ಆದರೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000. ಪ್ರೀಮಿಯಂ ಪೂರ್ತಿ ಸರ್ಕಾರದ್ದು. ಹೆಸರು ನೋಂದಣಿಯಾಗಿದ್ದರೆ ಮಾತ್ರ ಸಿಗುತ್ತದೆ. ಎಲ್ಲ ಸದಸ್ಯರ ನೋಂದಣಿ ಆಗಿದೆಯೇ ಎಂದು ಸಭೆಯಲ್ಲೇ ಹೆಸರು ಕೂಗಿ ನೋಡಿ.

ವ್ಯಾಪಾರಿಯ ಮುಂಗಡಕ್ಕೆ ಬದಲು ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. 2018-19ರಿಂದ ಮೀನುಗಾರರಿಗೂ ಕೊಡುತ್ತಾರೆ. ಬಡ್ಡಿ ಶೇ 7. ವೇಳೆಗೆ ಸರಿಯಾಗಿ ಕಟ್ಟಿದರೆ ಶೇ 4ಕ್ಕೆ ಇಳಿಯುತ್ತದೆ. 2025ರ ಜನವರಿಯಿಂದ 2 ಲಕ್ಷದವರೆಗೆ ಅಡಮಾನ ಬೇಕಿಲ್ಲ. ಬ್ಯಾಂಕಿನವರು ಗುತ್ತಿಗೆ ಪತ್ರ ಅಥವಾ ಲೈಸೆನ್ಸ್ ಕೇಳುತ್ತಾರೆ. ಕೆರೆಯ ಹೂಳೆತ್ತುವುದು, ಹೊಂಡ ತೋಡುವುದು ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಬರುತ್ತದೆ. ಅದನ್ನು ಗ್ರಾಮಸಭೆಯಲ್ಲೇ ಬರೆಸಬೇಕು. ಮೀನು ಮಾರುಕಟ್ಟೆಯ ಕಟ್ಟಡದಂಥ ದೊಡ್ಡ ಕೆಲಸಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವನ್ನು ಶಾಸಕರ ಮೂಲಕ ಕೇಳಬಹುದು.

ಎಲ್ಲಿಗೆ ಹೋಗಬೇಕು?

ತಾಲ್ಲೂಕಿನಲ್ಲಿ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ, ಜಿಲ್ಲೆಯಲ್ಲಿ ಉಪನಿರ್ದೇಶಕರ ಕಚೇರಿ. ಗುತ್ತಿಗೆ, ಲೈಸೆನ್ಸ್, ಮರಿ, ಸಹಾಯಧನ ಎಲ್ಲ ಅಲ್ಲೇ. ಸಂಘ ಹೊಸದಾಗಿ ಕಟ್ಟುವುದಿದ್ದರೆ ಸಹಕಾರ ಇಲಾಖೆಯಲ್ಲಿ ನೋಂದಣಿ. ಸಾಕಣೆಯ ತಿಳಿವಳಿಕೆಗೆ ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಭೀಮರಾಯನಗುಡಿಯ ಕೃಷಿ ಕಾಲೇಜಿನವರನ್ನೂ ಸಭೆಗೆ ಕರೆಯಬಹುದು. ಮೀನಿನದೇ ಸಂಶೋಧನೆ ಬೇಕಾದರೆ ಬೀದರ್ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ವಿಜಯಪುರದ ಭೂತನಾಳದಲ್ಲಿದೆ.

ಕೆರೆಯ ಗುತ್ತಿಗೆ ಯಾರ ಹೆಸರಿನಲ್ಲಿದೆ, ಎಂದಿಗೆ ಮುಗಿಯುತ್ತದೆ, ಎಷ್ಟು ಮರಿ ಬಿಟ್ಟಿದ್ದಾರೆ ಎಂಬ ಮಾಹಿತಿ ಕೇಳಿದರೆ ಕೊಡಬೇಕು. ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು.

"ನಾವು ಬರೆದುಕೊಟ್ಟರೆ ಅವರು ಕೇಳಲೇಬೇಕೆಂದಿದೆಯೇ?" ಎಂಬುದು ಕೊನೆಯ ಅನುಮಾನ. ಕಟ್ಟೆಯ ಮೇಲಿನ ಮಾತಿಗೆ ಬಲವಿಲ್ಲ, ನಡಾವಳಿಗೆ ಬಲವಿದೆ. ನಡಾವಳಿ ಅಂದರೆ ಸಭೆಯ ತೀರ್ಮಾನ ಬರೆದ ಪುಸ್ತಕ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ನಿಮ್ಮ ಕೆರೆಯ ಒಪ್ಪಂದವನ್ನು ಅಲ್ಲಿ ಓದಿಸಿ, ಠರಾವು ಮಾಡಿಸಿ, ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಸೇರಿಸಿ. ಠರಾವಿನ ಪ್ರತಿಯನ್ನು ಮೀನುಗಾರಿಕೆ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ಗ್ರಾಮಸಭೆಯ ನೋಟಿಸು ಬಂದ ದಿನವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಹೋಗಿ, ವಿಷಯ ಪಟ್ಟಿಯಲ್ಲಿ "ಕೆರೆಯ ಮೀನುಗಾರಿಕೆ" ಎಂಬ ಒಂದು ಸಾಲು ಬರೆಸಿ.